ಪುಸ್ತಕ ಮುಟ್ಟುಗೋಲಾದರೆ ಓದುಗರ ಪಾಡೇನು?

ಪ್ರಶ್ನೆ: ಕೆಲವರ ಭಾವನೆಗೆ ನೋವಾಯಿತೆಂದು ಸರ್ಕಾರ ಒಂದು ಪುಸ್ತಕವನ್ನು ನಿಷೇಧಿಸಬಹುದೇ? ಅದನ್ನು ಪ್ರಶ್ನಿಸಲು ದಾರಿಯಿದೆಯೇ?

ಉತ್ತರ: ಕಾನೂನಿನಲ್ಲಿ ಅಂಥ ಅಧಿಕಾರವಿದೆ. ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮಿನಲ್ಲಿದ್ದ ಮುಟ್ಟುಗೋಲಿನ ಅಧಿಕಾರವು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಮಿನಲ್ಲಿ ಮುಂದುವರಿದಿದೆ. ಅಧಿಸೂಚನೆಯಲ್ಲಿ ಸರ್ಕಾರ ಕಾರಣ ಕೊಡಬೇಕು. ಪುಸ್ತಕದಲ್ಲಿ ಹಿತಾಸಕ್ತಿಯುಳ್ಳವರು ಎರಡು ತಿಂಗಳೊಳಗೆ ಹೈಕೋರ್ಟಿಗೆ ಅರ್ಜಿ ಸಲ್ಲಿಸಬಹುದು.

ಆದರೆ ದಾರಿ ಇದೆ ಎಂದ ಮಾತ್ರಕ್ಕೆ ಅದು ಹತ್ತಿರದ ದಾರಿಯಲ್ಲ. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯನ್ನು ಕರ್ನಾಟಕ ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿಕೊಂಡಾಗ ಬರಗೂರು ರಾಮಚಂದ್ರಪ್ಪ ಮತ್ತಿತರರು ನಡೆಸಿದ ಹೋರಾಟ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2007ರಲ್ಲಿ ಆ ನ್ಯಾಯಾಲಯ ಸರ್ಕಾರದ ಕ್ರಮವನ್ನೇ ಎತ್ತಿಹಿಡಿಯಿತು. ಆ ಹತ್ತು ವರ್ಷಗಳಲ್ಲಿ ಕೃತಿ ಸರಿಯೋ ತಪ್ಪೋ ಎಂದು ಸ್ವತಃ ಓದಿ ತೀರ್ಮಾನಿಸುವ ಅವಕಾಶವನ್ನೇ ಓದುಗರು ಕಳೆದುಕೊಂಡರು, ಮತ್ತು ನನ್ನ ದೃಷ್ಟಿಯಲ್ಲಿ ನಿಷೇಧದ ದೊಡ್ಡ ಹಾನಿ ಇದೇ.

ಅಧಿಸೂಚನೆಯಿಲ್ಲದೆಯೂ ಪುಸ್ತಕ ಅಳಿಯಬಹುದು. ನೆರೆಯ ತಮಿಳುನಾಡಿನಲ್ಲಿ ತಮ್ಮ ಕಾದಂಬರಿಯೊಂದರ ವಿರುದ್ಧದ ಪ್ರತಿಭಟನೆಗಳ ಒತ್ತಡಕ್ಕೆ ಸಿಲುಕಿದ ತಮಿಳು ಲೇಖಕ ಪೆರುಮಾಳ್ ಮುರುಗನ್, ತನ್ನೊಳಗಿನ ಲೇಖಕ ಸತ್ತನೆಂದು 2015ರ ಜನವರಿಯಲ್ಲಿ ಘೋಷಿಸಿದರು. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಅವರ ಪರವಾಗಿ ನಿಂತು, ಕೃತಿ ಇಷ್ಟವಾಗದವರು ಅದನ್ನು ಓದದೆ ಪಕ್ಕಕ್ಕಿಡಬಹುದೆಂಬ ಅರ್ಥದ ಮಾತು ಹೇಳಿತು. ಒಪ್ಪದವರಿಗೆ ಪುಸ್ತಕ ಮುಚ್ಚಿಡುವ ಹಕ್ಕು ಖಂಡಿತ ಇದೆ. ಪಕ್ಕದವರ ಕೈಯಿಂದ ಅದನ್ನು ಕಿತ್ತುಕೊಳ್ಳುವ ಹಕ್ಕು ಮಾತ್ರ ಅದರಿಂದ ಹುಟ್ಟುವುದಿಲ್ಲ.