ಅಮೆರಿಕದ ಒಹಾಯೊ ನದಿದಡದ ರಿಪ್ಲಿ ಎಂಬ ಪುಟ್ಟ ಊರಿಗೆ ಚರಿತ್ರೆಯಲ್ಲಿ ಅಷ್ಟು ಮಹತ್ವ ಯಾಕೆ?

ಊರು ಇರುವ ಜಾಗವೇ ಅದಕ್ಕೆ ಮುಖ್ಯ ಕಾರಣ. ಅಂತರ್ಯುದ್ಧಕ್ಕೂ ಮೊದಲು ನದಿಯ ಆಚೆ ದಡದ ಕೆಂಟಕಿ ರಾಜ್ಯದಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿತ್ತು. ಈಚೆಯ ಒಹಾಯೊ ರಾಜ್ಯದಲ್ಲಿ ಇರಲಿಲ್ಲ. ನಡುವೆ ಇದ್ದದ್ದು ನದಿ ಮಾತ್ರ.

ಊರ ಹಿಂದಿನ ಗುಡ್ಡದ ಮೇಲೆ ಪಾದ್ರಿ ಜಾನ್ ರ‍್ಯಾಂಕಿನ್ ಅವರ ಇಟ್ಟಿಗೆ ಮನೆ ಈಗಲೂ ಇದೆ. ರಾತ್ರಿ ಅಲ್ಲಿ ಹಚ್ಚಿಟ್ಟ ದೀಪ ಆಚೆ ದಡಕ್ಕೂ ಕಾಣುತ್ತಿತ್ತಂತೆ. ತಪ್ಪಿಸಿಕೊಂಡು ಬಂದವರು ಕಡಿದಾದ ಮೆಟ್ಟಿಲು ಹತ್ತಿ ಆ ಮನೆ ಸೇರುತ್ತಿದ್ದರು. ಅಲ್ಲಿಂದ ಅವರನ್ನು ಗುಟ್ಟಾಗಿ ಉತ್ತರಕ್ಕೆ ಸಾಗಿಸಲಾಗುತ್ತಿತ್ತು. 1838ರ ಚಳಿಗಾಲದಲ್ಲಿ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು, ಬಿರುಕುಬಿಟ್ಟ ಮಂಜುಗಡ್ಡೆಯ ಮೇಲೆಯೇ ನದಿ ದಾಟಿ ಬಂದಳು. ಕಾಲಡಿಯ ಆ ಮಂಜನ್ನು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ನನಗೆ ಇನ್ನೂ ದೊಡ್ಡವರಾಗಿ ಕಾಣುವುದು ಜಾನ್ ಪಾರ್ಕರ್. ಎಂಟನೇ ವಯಸ್ಸಿನಲ್ಲೇ ಮಾರಾಟವಾದ ಈ ಕಪ್ಪು ವರ್ಣೀಯರು 1845ರಲ್ಲಿ ತಾವೇ ದುಡಿದ ಹಣದಿಂದ ತಮ್ಮ ಬಿಡುಗಡೆ ಕೊಂಡರು. ಆಮೇಲೆ ರಿಪ್ಲಿಯಲ್ಲಿ ಕಬ್ಬಿಣದ ಎರಕದ ಕಾರ್ಖಾನೆ ನಡೆಸಿದರು. ಹಗಲು ಕುಲುಮೆ, ರಾತ್ರಿ ದೋಣಿ. ಸಿಕ್ಕಿಬಿದ್ದರೆ ಮತ್ತೆ ಸಂಕೋಲೆ ಎಂದು ಗೊತ್ತಿದ್ದೂ ಕೆಂಟಕಿ ದಡಕ್ಕೆ ಹುಟ್ಟುಹಾಕಿ ಹೋಗಿ ಜನರನ್ನು ಕರೆತರುತ್ತಿದ್ದರು. ಮುಂದೆ ತಂಬಾಕು ಒತ್ತುವ ಯಂತ್ರಕ್ಕೆ ಪೇಟೆಂಟನ್ನೂ ಪಡೆದರು.

ಊರು 1812ರಷ್ಟು ಹಳೆಯದು, ಮೊದಲ ಹೆಸರು ಸ್ಟಾಂಟನ್. ರ‍್ಯಾಂಕಿನ್, ಪಾರ್ಕರ್ ಇಬ್ಬರ ಮನೆಗಳೂ ಈಗ ರಾಷ್ಟ್ರೀಯ ಐತಿಹಾಸಿಕ ಸ್ಮಾರಕಗಳು. ಹೋದರೆ ಮೆಟ್ಟಿಲು ಹತ್ತಿಯೇ ಮೇಲೆ ಹೋಗಿ, ತುದಿಯಲ್ಲಿ ನಿಂತು ನದಿ ನೋಡಿ.