ಬೆಲ್ ಅಂಡ್ ಸೆಬಾಸ್ಟಿಯನ್: ಆ ಡಬಲ್ ಸಿಡಿ ತಗೊಳ್ಳಿ, ಆದರೆ ಏಳು ಭಾಗ ಮಾಡಿ ಕೇಳಿ

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ನಮ್ಮ ಗುಂಪಿನಲ್ಲಿ ಹಳೆ ಕನ್ನಡ ಸಿನಿಮಾ ರೆಕಾರ್ಡು, ಭಾವಗೀತೆ ಕ್ಯಾಸೆಟ್ಟುಗಳ ಮಾತೇ ಜಾಸ್ತಿ. ದಾವಣಗೆರೆಯಲ್ಲಿ ಗ್ಲಾಸ್ಗೋದ ಈ ಬ್ಯಾಂಡ್ ಕೇಳುವವರು ಇನ್ನೊಬ್ಬರು ಸಿಕ್ಕರಲ್ಲ ಅಂತ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಉಳಿದವರಿಗಾಗಿ ಪ್ರಶ್ನೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಇವರಿಗೆ ಬೆಲ್ ಅಂಡ್ ಸೆಬಾಸ್ಟಿಯನ್ ಅವರ ಎರಡು ಹಾಡು ಮೊಬೈಲಿನಲ್ಲಿ ಕೇಳಿ ಇಷ್ಟವಾಗಿದೆ. ಆ ಬ್ಯಾಂಡಿನ ಸಿಂಗಲ್ಸ್ ಮತ್ತು ಬಿ-ಸೈಡ್‌ಗಳ ಸಂಕಲನ, 2005ರ 'ಪುಶ್ ಬಾರ್‌ಮನ್ ಟು ಓಪನ್ ಓಲ್ಡ್ ವೂಂಡ್ಸ್', ಬೆಂಗಳೂರಿನ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸಿಡಿಯಲ್ಲೂ ಎಲ್‌ಪಿಯಲ್ಲೂ ಇದೆಯಂತೆ. ಅದನ್ನು ತಗೊಳ್ಳಬೇಕಾ, ಇಲ್ಲ ಮೊದಲು ಒಂದು ಆಲ್ಬಮ್ ತಗೊಳ್ಳಬೇಕಾ? ಬಿ-ಸೈಡ್ ಅಂದರೆ ಅಳಿದುಳಿದದ್ದು ಅಲ್ವಾ? ನಮ್ಮೂರಿನ ಬಿಸಿಲು, ಧೂಳಿಗೆ ಯಾವುದು ಬಾಳಿಕೆ ಬರುತ್ತದೆ?

ಸಂಕಲನವನ್ನೇ ತಗೊಳ್ಳಿ. ಸಿಡಿಯನ್ನೇ ತಗೊಳ್ಳಿ. ಆದರೆ 25 ಹಾಡನ್ನೂ ಒಂದೇ ಸಲ ಹಾಕಿಕೊಂಡು ಕೂರಬೇಡಿ. ಈ ಮೂರನೇ ಮಾತೇ ಮುಖ್ಯ, ಅದಕ್ಕೆ ಬರುತ್ತೇನೆ.

ಮೊದಲು ಅಳಿದುಳಿದದ್ದರ ವಿಚಾರ. ಸಿಂಗಲ್ ಅನ್ನುವ ಏಳಿಂಚಿನ ರೆಕಾರ್ಡಿನ ಒಂದು ಮಗ್ಗುಲಲ್ಲಿ ರೇಡಿಯೋದವರು ಹಾಕಬೇಕಾದ ಹಾಡು, ಇನ್ನೊಂದು ಮಗ್ಗುಲಲ್ಲಿ ಬೇರೊಂದು, ಅದೇ ಬಿ-ಸೈಡ್. ಎಷ್ಟೋ ಬ್ಯಾಂಡುಗಳು ಆ ಎರಡನೇ ಮಗ್ಗುಲಿಗೆ ಏನೋ ಒಂದು ತುಂಬಿಸಿದ್ದು ನಿಜ. ಎಲ್ಲರೂ ಹಾಗೆ ಮಾಡಲಿಲ್ಲ. ಮ್ಯಾಂಚೆಸ್ಟರಿನ ದಿ ಸ್ಮಿತ್ಸ್ 1984ರಲ್ಲಿ ಒಂದು ಹನ್ನೆರಡಿಂಚಿನ ಸಿಂಗಲ್ ತಂದರು. ಅದರ ಹಿಂದಿನ ಮಗ್ಗುಲಲ್ಲಿ ಸೇರಿಸಿದ್ದು 'ಹೌ ಸೂನ್ ಈಸ್ ನೌ?'. ಈಗ ಆ ಬ್ಯಾಂಡಿನ ಹೆಸರು ಹೇಳಿದರೆ ಎಷ್ಟೋ ಜನಕ್ಕೆ ಮೊದಲು ನೆನಪಾಗುವ ಹಾಡೇ ಅದು. ಮುಂದಿನ ವರ್ಷ ಅದನ್ನೇ ಪ್ರತ್ಯೇಕ ಸಿಂಗಲ್ ಮಾಡಿ ಬಿಟ್ಟರು. ಹಾಗಾಗಿ ಹಿಂದಿನ ಮಗ್ಗುಲು ಅಂದ ತಕ್ಷಣ ಕಡಿಮೆ ಅಂದುಕೊಳ್ಳಬೇಡಿ.

ಬೆಲ್ ಅಂಡ್ ಸೆಬಾಸ್ಟಿಯನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು. ಆಲ್ಬಮ್ಮಿನಿಂದ ಒಂದು ಹಾಡು ಕಿತ್ತು ಸಿಂಗಲ್ ಮಾಡುವ ಅಭ್ಯಾಸವೇ ಆಗ ಅವರಿಗಿರಲಿಲ್ಲ. ಆಲ್ಬಮ್ ಬೇರೆ, ಇಪಿ ಬೇರೆ. ಮೂರು ನಾಲ್ಕು ಹಾಡಿನ ಒಂದೊಂದು ಇಪಿಯನ್ನೂ ಅದಕ್ಕಾಗಿಯೇ ಜೋಡಿಸಿ ಬಿಡುತ್ತಿದ್ದರು. 1997ರಿಂದ 2001ರವರೆಗೆ ಜೀಪ್‌ಸ್ಟರ್ ಕಂಪನಿಯಿಂದ ಹೀಗೆ ಬಂದ ಏಳು ಇಪಿಗಳನ್ನು ಒಟ್ಟಿಗೆ ಕಟ್ಟಿದ್ದೇ ಈ ಸಂಕಲನ. ಇದರಿಂದ ನಿಮಗೆ ಒಂದು ಲಾಭ ಇದೆ. ನಾಳೆ ಅವರ ಆಲ್ಬಮ್‌ಗಳನ್ನೆಲ್ಲ ಕೊಂಡರೂ ಇದರಲ್ಲಿರುವುದು ಅಲ್ಲಿ ಮತ್ತೆ ಬರುವುದಿಲ್ಲ. 'ದಿ ಸ್ಟೇಟ್ ಐ ಆಮ್ ಇನ್' ಒಂದೇ ಎರಡೂ ಕಡೆ ಇದೆ, ಅದೂ ಬೇರೆ ಬೇರೆ ರೆಕಾರ್ಡಿಂಗ್.

ಆ ಹಾಡಿನ ವಿಷಯ ಸ್ವಲ್ಪ ಹೇಳಲೇಬೇಕು. ಇವರ ಮೊದಲ ಆಲ್ಬಮ್ 'ಟೈಗರ್‌ಮಿಲ್ಕ್' ಗ್ಲಾಸ್ಗೋದ ಸ್ಟೋ ಕಾಲೇಜಿನ ಮ್ಯೂಸಿಕ್ ಬಿಸಿನೆಸ್ ಕೋರ್ಸಿನವರು 1996ರಲ್ಲಿ ತಂದದ್ದು. ಅಚ್ಚಾಗಿದ್ದೇ 1000 ಎಲ್‌ಪಿ. ಅದು ಮತ್ತೆ ಅಂಗಡಿಗೆ ಬಂದಿದ್ದು 1999ರಲ್ಲಿ. ನಡುವೆ 1997ರಲ್ಲಿ 'ಡಾಗ್ ಆನ್ ವೀಲ್ಸ್' ಇಪಿ ಬಂದಾಗ ಅದರಲ್ಲಿ ಇದೇ ಹಾಡಿನ ಹಳೆಯ ರೂಪ ಇತ್ತು. ಬ್ಯಾಂಡ್ ಪೂರ್ತಿ ಕೂಡಿಕೊಳ್ಳುವ ಮೊದಲೇ ಮಾಡಿದ ಡೆಮೋ ಅದು. ಎಷ್ಟೋ ಜನ ಆ ಹಾಡನ್ನು ಮೊದಲು ಕೇಳಿದ್ದೇ ಹೀಗೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಡೆಮೋದಲ್ಲಿ ವಾದ್ಯಗಳು ಇನ್ನೂ ಜಾಗ ಹುಡುಕುತ್ತಿವೆ, ಗಾಯಕ ಸ್ಟುವರ್ಟ್ ಮರ್ಡಾಕ್ ದನಿ ಮಾತ್ರ ಆಗಲೇ ನೆಲೆ ನಿಂತಿದೆ. ನನಗೆ ಆ ಡೆಮೋನೇ ಹೆಚ್ಚು ಹತ್ತಿರ.

ಈಗ ಕೇಳುವ ರೀತಿ. ಸಿಡಿಯಲ್ಲಿ ಹಾಡುಗಳು ಇಪಿ ಬಂದ ಕ್ರಮದಲ್ಲೇ ಇವೆ. ಮೊದಲ ಡಿಸ್ಕಿನಲ್ಲಿ 1ರಿಂದ 4 'ಡಾಗ್ ಆನ್ ವೀಲ್ಸ್', 5ರಿಂದ 8 'ಲೇಜಿ ಲೈನ್ ಪೇಂಟರ್ ಜೇನ್', 9ರಿಂದ 12 '3.. 6.. 9 ಸೆಕೆಂಡ್ಸ್ ಆಫ್ ಲೈಟ್'. ಮೂರೂ 1997ರವು. ಎರಡನೇ ಡಿಸ್ಕಿನಲ್ಲಿ 1ರಿಂದ 4 1998ರ 'ದಿಸ್ ಈಸ್ ಜಸ್ಟ್ ಎ ಮಾಡರ್ನ್ ರಾಕ್ ಸಾಂಗ್', 5ರಿಂದ 7 2000ದ 'ಲೀಗಲ್ ಮ್ಯಾನ್', 8ರಿಂದ 10 'ಜೊನಾಥನ್ ಡೇವಿಡ್', 11ರಿಂದ 13 'ಐಯಾಮ್ ವೇಕಿಂಗ್ ಅಪ್ ಟು ಅಸ್'. ಕೊನೆಯ ಎರಡು 2001ರವು. ಸಿಡಿಯನ್ನು ಕಂಪ್ಯೂಟರಿಗೆ ಇಳಿಸುವಾಗ ಒಂದೇ ಆಲ್ಬಮ್ ಅಂತ ಹೆಸರು ಕೊಡಬೇಡಿ. ಏಳು ಫೋಲ್ಡರ್ ಮಾಡಿ, ಒಂದೊಂದಕ್ಕೂ ಇಪಿಯ ಹೆಸರು, ವರ್ಷ ಹಾಕಿ. ಫೈಲಿನೊಳಗೆ ಹಾಡಿನ ವಿವರ ಬರೆಯುವ ಟ್ಯಾಗ್‌ನಲ್ಲೂ ಹಾಗೇ. ಗುಣಮಟ್ಟ ಕಡಿಮೆಯಾಗದ ಫ್ಲ್ಯಾಕ್ ಫೈಲಾಗಿ ಇಳಿಸಿದರೆ ಒಮ್ಮೆ ಮಾಡಿದ ಕೆಲಸ ಶಾಶ್ವತ. ಮೊಬೈಲಿನಲ್ಲೇ ಕೇಳುವುದಾದರೆ ಏಳು ಪ್ಲೇಲಿಸ್ಟ್ ಮಾಡಿ, ಶಫಲ್ ಆಫ್ ಮಾಡಿ. ಒಂದು ಸಂಜೆಗೆ ಒಂದು ಇಪಿ ಸಾಕು. ಹೆಚ್ಚೆಂದರೆ ಇಪ್ಪತ್ತು ನಿಮಿಷದ ಕೆಲಸ.

ಹೀಗೆ ಯಾಕೆ ಅಂದರೆ, ಸಾಲಾಗಿ ಹಾಕಿದಾಗ ಹನ್ನೊಂದನೇ ಹಾಡಿಗೆ ಕಿವಿ ಸೋತಿರುತ್ತದೆ. ಮೆಲುದನಿಯ ಹಾಡುಗಳು ಒಂದರಂತೆ ಇನ್ನೊಂದು ಕೇಳಿಸಲು ಶುರುವಾಗುತ್ತದೆ. ನಾಲ್ಕು ನಾಲ್ಕೇ ಕೇಳಿದರೆ ಅವರು ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದಾರೆ ಅನ್ನುವುದು ಕಾಣುತ್ತದೆ. 'ಲೇಜಿ ಲೈನ್ ಪೇಂಟರ್ ಜೇನ್' ಹಾಡನ್ನೇ ತಗೊಳ್ಳಿ. ಸುಮಾರು ಆರು ನಿಮಿಷ. ಮರ್ಡಾಕ್ ಮೆಲ್ಲಗೆ ಶುರು ಮಾಡುತ್ತಾರೆ. ಆಮೇಲೆ ಮೋನಿಕಾ ಕ್ವೀನ್ ಅನ್ನುವ ಅತಿಥಿ ಗಾಯಕಿಯ ತುಂಬು ದನಿ ಬರುತ್ತದೆ, ಹಾಡಿನ ಬಣ್ಣವೇ ಬದಲಾಗುತ್ತದೆ. ಕೊನೆಗೆ ಮಾತು ನಿಂತು ವಾದ್ಯಗಳಷ್ಟೇ ಏರುತ್ತಾ ಹೋಗುತ್ತವೆ. ಅದರ ನಂತರ ಅದೇ ಇಪಿಯಲ್ಲಿ ಬರುವ ಸಣ್ಣ ಹಾಡುಗಳು ಉಸಿರು ಬಿಡಲು ಇಟ್ಟ ಹಾಗಿವೆ. 25ರ ಸಾಲಿನಲ್ಲಿ ಇದು ಗೊತ್ತೇ ಆಗುವುದಿಲ್ಲ.

ಇನ್ನೊಂದು ಮಜಾ ಗಮನಿಸಿ. ಅದೇ ಇಪಿಯಲ್ಲಿ 'ಎ ಸೆಂಚುರಿ ಆಫ್ ಎಲ್ವಿಸ್' ಇದೆ. ಅಲ್ಲಿ ಆಗ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ಸ್ಟುವರ್ಟ್ ಡೇವಿಡ್ ಹಾಡುವುದಿಲ್ಲ, ಕಥೆ ಹೇಳುತ್ತಾರೆ. ಮುಂದಿನ ಇಪಿಯ ಮೊದಲ ಹಾಡು 'ಎ ಸೆಂಚುರಿ ಆಫ್ ಫೇಕರ್ಸ್'. ವಾದ್ಯದ ಭಾಗ ಎರಡಕ್ಕೂ ಒಂದೇ! ಆಗ ಕೇಳಿದವರಿಗೆ ಮೊದಲು ಸಿಕ್ಕಿದ್ದು ಕಥೆ, ಕೆಲವು ತಿಂಗಳ ಮೇಲೆ ಹಾಡು. ನೀವೂ ನಡುವೆ ಒಂದೆರಡು ದಿನ ಬಿಟ್ಟು ಕೇಳಿ. ಆ ಇಪಿಯ ಕೊನೆಯಲ್ಲಿ 'ಪುಟ್ ದಿ ಬುಕ್ ಬ್ಯಾಕ್ ಆನ್ ದಿ ಶೆಲ್ಫ್' ಮುಗಿಯಿತು ಅಂತ ನಿಲ್ಲಿಸಬೇಡಿ, ಅದರ ಹಿಂದೆಯೇ ಇನ್ನೊಂದು ಪುಟ್ಟ ಹಾಡು ಅಡಗಿ ಕೂತಿದೆ.

ಎರಡನೇ ಡಿಸ್ಕು ನನಗೆ ಮೊದಲನೆಯದರಷ್ಟು ಒಂದೇ ಸಮ ಅನ್ನಿಸುವುದಿಲ್ಲ. 'ಲೀಗಲ್ ಮ್ಯಾನ್' ಬ್ರಿಟನ್ನಿನ ಸಿಂಗಲ್ಸ್ ಮಾರಾಟದ ಪಟ್ಟಿಯಲ್ಲಿ 15ನೇ ಸ್ಥಾನದವರೆಗೆ ಹೋಯಿತು, ಕುಣಿಯಲು ಚೆನ್ನಾಗಿದೆ, ಅಷ್ಟೇ. ಆದರೆ 'ಸ್ಲೋ ಗ್ರಾಫಿಟಿ', 'ದಿ ಲೋನ್ಲಿನೆಸ್ ಆಫ್ ಎ ಮಿಡ್ಲ್ ಡಿಸ್ಟೆನ್ಸ್ ರನ್ನರ್' ಎರಡಕ್ಕಾಗಿಯಾದರೂ ಆ ಡಿಸ್ಕು ಬೇಕು.

ಉಚ್ಚಾರಣೆ ಅರ್ಥವಾಗುತ್ತಿಲ್ಲ ಅಂತಲೂ ಬರೆದಿದ್ದೀರಿ. ಭಾವಗೀತೆ ಕೇಳುವ ಹಾಗೆಯೇ ಇದನ್ನೂ ಕೇಳಿ: ಮಾತು ಮುಂದೆ, ವಾದ್ಯ ಅದರ ಹಿಂದೆ. ಒಮ್ಮೆ ಸಾಹಿತ್ಯ ಓದಿಕೊಳ್ಳಿ, ಆಮೇಲೆ ಅದನ್ನು ಪಕ್ಕಕ್ಕಿಟ್ಟು ಕೇಳಿ. ಸ್ಕೂಲು, ಕೆಲಸ, ಒಂಟಿತನ, ಚರ್ಚು, ಇಂಥದ್ದೇ ವಿಷಯ. ಎರಡನೇ ಸಲಕ್ಕೆ ಕಿವಿಗೆ ಹಿಡಿಯುತ್ತದೆ.

ಇನ್ನು ಎಲ್‌ಪಿ ಬೇಡ ಅಂದಿದ್ದಕ್ಕೆ ಕಾರಣ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮೂರು 40 ಡಿಗ್ರಿ ಹತ್ತಿರ ಹೋಗುತ್ತದೆ. ಶೀಟ್ ಹಾಕಿದ ಮಹಡಿ ಕೋಣೆಯಲ್ಲಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇನ್ನೂ ಜಾಸ್ತಿ. ರೆಕಾರ್ಡು ಅಲ್ಲಿ ಸೊಟ್ಟಗಾಗಲು ಒಂದು ಮಧ್ಯಾಹ್ನ ಸಾಕು. ಒಳಗೋಡೆಯ ಬೀರು ಇದ್ದು, ನೇರವಾಗಿ ನಿಲ್ಲಿಸಿ ಇಡುವುದಾದರೆ, ಪ್ರತಿ ಸಲ ಬ್ರಷ್ ಹಿಡಿಯುವ ತಾಳ್ಮೆ ಇದ್ದರೆ ಎಲ್‌ಪಿ ಖಂಡಿತ ತಗೊಳ್ಳಿ. ಬಸ್ ಪಾರ್ಸೆಲ್‌ನಲ್ಲಿ ತರಿಸುವಾಗ ರೆಕಾರ್ಡನ್ನು ಹೊರ ಕವರಿನಿಂದ ತೆಗೆದು, ಒಳಚೀಲದ ಸಮೇತ ಕವರಿನ ಹಿಂದೆ ಇಟ್ಟು ಕಟ್ಟಲು ಹೇಳಿ. ಇಲ್ಲದಿದ್ದರೆ ದಾರಿಯ ಕುಲುಕಾಟಕ್ಕೆ ಕವರಿನ ಅಂಚು ಹರಿಯುತ್ತದೆ.

ಸಿಡಿ ಆದರೆ ಅಂಗಡಿಯವರಿಂದ ಎರಡೂ ಡಿಸ್ಕಿನ ಎರಡೂ ಮಗ್ಗುಲಿನ ಫೋಟೋ ಕೇಳಿ. ಹೊಳೆಯುವ ಕಡೆ ಸಣ್ಣ ಗೀರು ಇದ್ದರೆ ಚಿಂತೆಯಿಲ್ಲ. ಹೆಸರು ಅಚ್ಚಾಗಿರುವ ಕಡೆಯ ಗೀರು ಅಪಾಯ, ಯಾಕೆಂದರೆ ಬೆಳಕು ಹಿಂತಿರುಗಿಸುವ ಪದರ ಅದರ ಕೆಳಗೇ ಇದೆ. ಬೆಳಕಿಗೆ ಹಿಡಿದಾಗ ಸೂಜಿ ತೂತಿನಂಥ ಚುಕ್ಕೆ ಕಂಡರೆ ಬಿಟ್ಟುಬಿಡಿ. ನಡುವಿನ ತೂತಿನ ಸುತ್ತ ಬಿರುಕಿದೆಯಾ ನೋಡಿ. ಒರೆಸುವಾಗ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತು ಸುತ್ತು ಒರೆಸಬೇಡಿ.

ಇದಾದ ಮೇಲೆ 1996ರ 'ಇಫ್ ಯೂ ಆರ್ ಫೀಲಿಂಗ್ ಸಿನಿಸ್ಟರ್' ಆಲ್ಬಮ್ಮಿಗೆ ಹೋಗಿ. 2013ರಲ್ಲಿ 'ದಿ ಥರ್ಡ್ ಐ ಸೆಂಟರ್' ಅಂತ ಇನ್ನೊಂದು ಸಂಕಲನ ಬಂದಿದೆ, ಅದೇ ಅಂಗಡಿಯವರು ಜೊತೆಗೆ ಕೊಡುತ್ತೇನೆ ಅನ್ನಬಹುದು. ಅದು ನಂತರದ ವರ್ಷಗಳದ್ದು, ರೀಮಿಕ್ಸ್‌ಗಳೂ ಸೇರಿವೆ, ಹೀಗೆ ಇಪಿ ಇಪಿಯಾಗಿ ಬಿಡಿಸಿ ಕೇಳುವಂಥದ್ದಲ್ಲ. 2003ರಿಂದೀಚೆಗಿನ ಆಲ್ಬಮ್‌ಗಳು ಇಷ್ಟವಾದರೆ ಆಮೇಲೆ ತಗೊಳ್ಳಿ, ಈಗ ಬೇಡ.