ಪ್ರತಿಕ್ರಿಯೆ: ಏಳುವಾಗಿನ ತಲೆಸುತ್ತು ಮತ್ತು ಬಿ.ಪಿ. ಮಾತ್ರೆ

74 ವರ್ಷದ ನಿಮ್ಮ ತಾಯಿಯವರಿಗೆ ಬೆಳಗ್ಗೆ ಹಾಸಿಗೆಯಿಂದ ಏಳುತ್ತಲೇ ಕಣ್ಣಿಗೆ ಕತ್ತಲೆ ಕವಿಯುವುದರಿಂದ ಬಿ.ಪಿ. ಮಾತ್ರೆ ನಿಲ್ಲಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ನಿಂತಾಗ ರಕ್ತವು ಕಾಲುಗಳತ್ತ ಇಳಿಯುವುದನ್ನು ವಯಸ್ಸಾದ ದೇಹ ಕೂಡಲೇ ಸರಿದೂಗಿಸಲಾರದು. ಆದ್ದರಿಂದ ಐದು ನಿಮಿಷ ಮಲಗಿಸಿ ಒಮ್ಮೆ ಬಿ.ಪಿ. ನೋಡಿ, ನಿಂತ ಒಂದು ಮತ್ತು ಮೂರನೆಯ ನಿಮಿಷಕ್ಕೆ ಪುನಃ ಅಳೆದು, ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದಿದ್ದರೆ ಬರೆದಿಟ್ಟು ವೈದ್ಯರಿಗೆ ತೋರಿಸಿ. ನಿದ್ರೆಯ ಹಾಗೂ ಮೂತ್ರ ಹೆಚ್ಚಿಸುವ ಮಾತ್ರೆಗಳಿದ್ದರೆ ಅವನ್ನೂ ಒಯ್ಯಿರಿ. ನೀರು ಕಡಿಮೆ ಕುಡಿದರೂ ಹೀಗೆ ತಲೆ ಸುತ್ತಬಹುದು; ನನ್ನ ತಾಯಿಯಂತೂ ರಾತ್ರಿ ಬಚ್ಚಲಿಗೆ ಏಳಬೇಕಾದೀತೆಂದು ಸಂಜೆ ಐದರ ಕಾಫಿಯ ನಂತರ ನೀರನ್ನೇ ಮುಟ್ಟುತ್ತಿರಲಿಲ್ಲ. ನಮಗದು ತಿಳಿದದ್ದು ದಿಂಬಿನ ಬಳಿಯ ತಂಬಿಗೆ ದಿನವೂ ತುಂಬಿದಂತೆಯೇ ಉಳಿಯುವುದನ್ನು ಕಂಡಾಗ. ಸದ್ಯಕ್ಕೆ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದಗಳನ್ನು ಆಡಿಸಿ, ಆಸರೆ ಹಿಡಿದೇ ಏಳಲಿ. ಪ್ರಜ್ಞೆ ತಪ್ಪಿದರೆ ಅಥವಾ ಬಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.